ಥರ್ಮೋಕೋಲ್ ಚೆಕ್ಕು ಹಿಡಿದು ನಕ್ಕವಳು

ಹೋದ ತಿಂಗಳು ತಂಗಿಯ ಮಗಳನ್ನು ಕಾಲೇಜಿಗೆ ಸೇರಿಸಲು ಗ್ರೇಟರ್ ನೋಯ್ಡಾಕ್ಕೆ ಹೋಗಬೇಕಾಯಿತು. ಇನ್ನು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ತೀರ್ಮಾನಿಸಿ ಎಷ್ಟೋ ವರ್ಷಗಳಾಗಿದ್ದವು. ಆದರೆ ತಂಗಿ ಚಳ್ಳಕೆರೆಯಿಂದ ಫೋನ್ ಮಾಡಿ, "ನೀನು ಅಲ್ಲೇ ಇಂದಿರಾಪುರಂನಲ್ಲಿ ಇದ್ಕೊಂಡು ಅವಳು ಒಬ್ಳೇ ಹೋಗ್ಬೇಕೇನಕ್ಕಾ?" ಎಂದು ಕೇಳಿದರೆ ಇಲ್ಲ ಎನ್ನುವುದು ಹೇಗೆ. ಹೋದೆ. ಕಾಲೇಜಿನ ಗೇಟಿನ ಹೊರಗೆ ಒಬ್ಬ ಭಯ್ಯಾ ಗಾಡಿ ನಿಲ್ಲಿಸಿಕೊಂಡು ಬಾಣಲೆಯ ಮರಳಿನಲ್ಲಿ ಶೇಂಗಾ ಹುರಿಯುತ್ತಿದ್ದ. ಮಳೆಗಾಲದಲ್ಲಿ ಎಲ್ಲರೂ ಜೋಳದ ತೆನೆ ಸುಡುತ್ತಾರೆ. ಇವನಿಗೇಕೆ ಶೇಂಗಾ ಹುರಿಯುವ ಹುಕಿ ಬಂದಿತ್ತೋ ಗೊತ್ತಿಲ್ಲ. ನಾನು ಎಣ್ಣೆ ಮಿಲ್ಲುಗಳ ಊರಿನಲ್ಲಿ ಹುಟ್ಟಿದವಳು, ಮಿಲ್ಲಿನ ಗುಮಾಸ್ತರ ಮಗಳು. ಹುರಿದ ಶೇಂಗಾದ ವಾಸನೆ ಬಂದರೆ ನನಗೆ ಅಪ್ಪನ ನೆನಪಾಗಬೇಕು. ಅಪ್ಪನ ಬದಲು ಚಿಸೋಮೊ ನೆನಪಾದಳು, ಅವಳ ಹಿಂದೆಯೇ ಆ ವರ್ಷದ ಸಿಟ್ಟೂ ಬಂತು. ತಂಗಿಯ ಮಗಳು "ದೊಡ್ಡಮ್ಮ, ಮುಖ ಯಾಕೆ ಹಾಗೆ ಮಾಡ್ಕೊಂಡ್ರಿ?" ಎಂದು ಕೇಳಿದಳು. ಬಿಸಿಲು ಎಂದೆ.

ನಾನು ಗ್ರೇಟರ್ ನೋಯ್ಡಾದಲ್ಲಿ ಕೆಲಸಕ್ಕಿದ್ದಾಗ ಮೆಟ್ರೋ ಇನ್ನೂ ಆ ದಿಕ್ಕಿಗೆ ಬಂದಿರಲಿಲ್ಲ. ರಸ್ತೆಗಳು ಮಾತ್ರ ಅಗಲವಾಗಿದ್ದವು. ಅವುಗಳ ಎರಡೂ ಬದಿಗೆ ಅರ್ಧ ಎದ್ದ ಕಟ್ಟಡಗಳು, ಮುಂದೆ ಬರಲಿರುವ ಕಾಲೇಜುಗಳ ಬೋರ್ಡುಗಳು. ಅಲ್ಲಿನ ಒಂದು ತರಬೇತಿ ಸಂಸ್ಥೆಯಲ್ಲಿ ನಾನು ಲೆಕ್ಕಾಚಾರ ಕಲಿಸುತ್ತಿದ್ದೆ. ಸರಕಿಗೆ ಬೆಲೆ ಕಟ್ಟುವುದು ಹೇಗೆ, ಲಾಭ ಎಂದರೆ ಯಾವುದು, ಲಾಭದಂತೆ ಕಾಣುವ ನಷ್ಟ ಯಾವುದು, ಅಷ್ಟೇ ನನ್ನ ವಿದ್ಯೆ. ಆ ವರ್ಷ ಬೇಸಿಗೆಯಲ್ಲಿ ನಮಗೆ ಹೊಸ ಕೆಲಸ ಬಂತು. ಆಫ್ರಿಕಾದ ಬೇರೆ ಬೇರೆ ದೇಶಗಳಿಂದ ಯುವ ಉದ್ಯಮಿಗಳನ್ನು ಕರೆಸಿ ಮೂರು ತಿಂಗಳು ತರಬೇತಿ ಕೊಡುವುದು. ಕೊನೆಯಲ್ಲಿ ಸಂದರ್ಶನ ನಡೆಸಿ ಇಬ್ಬರಿಗೆ ವ್ಯಾಪಾರ ಶುರುಮಾಡಲು ಅನುದಾನ ಕೊಡುವುದು. ಹಣ ಒಂದು ವಿದೇಶಿ ಪ್ರತಿಷ್ಠಾನದ್ದು. ಕಲಿಸುವುದು, ಆರಿಸುವುದು, ಫೋಟೋ ತೆಗೆಸುವುದು ನಮ್ಮದು.

ಬಂದವರು ಹನ್ನೊಂದು ಮಂದಿ. ಸಂಸ್ಥೆಯ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಅವರಿಗೆ ಮೂರು ಫ್ಲ್ಯಾಟ್ ಬಾಡಿಗೆಗೆ ಹಿಡಿದಿದ್ದರು. ಮೊದಲ ವಾರವೇ ಅಲ್ಲಿನ ನಿವಾಸಿಗಳ ಸಂಘದಿಂದ ದೂರು ಬಂತು: ಅಡುಗೆ ವಾಸನೆ, ಜೋರು ಮಾತು, ಮಕ್ಕಳು ಹೆದರುತ್ತಾರೆ. ಇವರು ಲಿಫ್ಟಿನೊಳಗೆ ಬಂದರೆ ಒಳಗಿದ್ದವರು ಇಳಿದು ಮುಂದಿನ ಲಿಫ್ಟಿಗೆ ಕಾಯುತ್ತಿದ್ದರು. ತರಕಾರಿಯವನು ಇವರಿಗೆ ಮಾತ್ರ ಕೊಳೆತ ಟೊಮೇಟೊ ಆರಿಸಿ ಕೊಡುತ್ತಿದ್ದ. ನಾನು ತರಗತಿಯಲ್ಲಿ 'ಗ್ರಾಹಕನೇ ದೇವರು' ಎಂದು ಪಾಠ ಮಾಡುವಾಗ ಹಿಂದಿನ ಸಾಲಿನಲ್ಲಿ ಒಬ್ಬಳು ಕೈಯೆತ್ತಿ, "ಯಾವ ದೇಶದಲ್ಲಿ, ಮೇಡಂ?" ಎಂದು ಕೇಳಿದಳು. ಅವಳೇ ಚಿಸೋಮೊ, ಮಲಾವಿಯವಳು. ಇಪ್ಪತ್ತೈದರ ಆಸುಪಾಸು. ಸಣ್ಣ ದೇಹ, ದೊಡ್ಡ ಕಣ್ಣು. ಮಾತಿನಲ್ಲಿ ನನಗಿಂತ ಒಂದು ಹಿಡಿ ಹೆಚ್ಚೇ ಖಾರ.

ಅವಳ ಯೋಜನೆ ಶೇಂಗಾದ್ದು. ಅವಳ ಹಳ್ಳಿಯಲ್ಲಿ ಹೆಂಗಸರೇ ಶೇಂಗಾ ಬೆಳೆಯುವವರು. ಸುಗ್ಗಿಯಲ್ಲಿ ವ್ಯಾಪಾರಿ ಲಾರಿ ತಂದು ಬಾಯಿಗೆ ಬಂದ ಬೆಲೆಗೆ ಕೊಂಡೊಯ್ಯುತ್ತಾನೆ. ಇವಳ ಚಿಕ್ಕಮ್ಮ ಊರಿನ ಹೆಂಗಸರನ್ನೆಲ್ಲ ಸೇರಿಸಿ ಒಂದು ಗುಂಪು ಕಟ್ಟಿದ್ದಳು. ಹುರಿದು, ಅರೆದು, ಡಬ್ಬಿಗೆ ತುಂಬಿ ಪಟ್ಟಣಕ್ಕೆ ಮಾರುವುದು ಅವರ ಆಸೆ. ಅದಕ್ಕೊಂದು ಅರೆಯುವ ಯಂತ್ರ ಬೇಕು. ಗುಂಪಿನಲ್ಲಿ ಇಂಗ್ಲಿಷ್ ಬಲ್ಲವಳು ಚಿಸೋಮೊ ಒಬ್ಬಳೇ ಆದ್ದರಿಂದ ಪಟ್ಟಣದ ಅಂಗಡಿಯ ಕೆಲಸ ಬಿಡಿಸಿ ಅವಳನ್ನು ಕಳಿಸಿದ್ದರು. ಆ ವರ್ಷದ ಫಸಲು ಕಿತ್ತಾಗಿತ್ತು, ಒಣಗಿಸಿ ಚೀಲಕ್ಕೆ ತುಂಬಿಯಾಗಿತ್ತು. ಇವಳಿಂದ ಸುದ್ದಿ ಬರುವವರೆಗೆ ವ್ಯಾಪಾರಿಗೆ ಕೊಡುವುದು ಬೇಡ ಎಂದು ಎಲ್ಲ ಹೆಂಗಸರೂ ಒಪ್ಪಿದ್ದರು.

"ಚೀಲದಲ್ಲಿ ಎಷ್ಟು ದಿನ ಇರುತ್ತೆ?" ಎಂದು ಕೇಳಿದೆ.

"ಅಲ್ಲಿ ಮಳೆ ಶುರುವಾಗೋ ತನಕ. ಆಮೇಲೆ ಬೂಷ್ಟು ಹಿಡಿಯತ್ತೆ. ನಿಮಗೆ ಗೊತ್ತಾ ಮೇಡಂ, ಬೂಷ್ಟು ಹಿಡಿದ ಶೇಂಗಾ ಹಂದಿಗೂ ಹಾಕೋ ಹಾಗಿಲ್ಲ."

ನನಗೆ ಗೊತ್ತಿಲ್ಲವೇ. ಅಪ್ಪ ಮಿಲ್ಲಿಗೆ ಬಂದ ಚೀಲಕ್ಕೆ ಕೈ ತೂರಿಸಿ, ಒಂದು ಹಿಡಿ ಮೂಗಿಗೆ ಹಿಡಿದೇ ಒಳಗೆ ಬಿಡುತ್ತಿದ್ದದ್ದು. ಅದನ್ನು ಹೇಳಿದೆ. ಅಂದಿನಿಂದ ಅವಳು ನನ್ನನ್ನು ಬಿಡಲಿಲ್ಲ.

ಭಾನುವಾರಗಳಂದು ಸಂಸ್ಥೆಯ ವ್ಯಾನು ಹಿಡಿದು ನಮ್ಮ ಮನೆಗೆ ಬರುತ್ತಿದ್ದಳು. ನಾನು ರೊಟ್ಟಿಗೆ ಶೇಂಗಾ ಚಟ್ನಿಪುಡಿ ಕುಟ್ಟಿದರೆ ಅವಳು ಹಸಿ ಶೇಂಗಾ ಕುಟ್ಟಿ, ಜರಡಿ ಹಿಡಿದು, ಆ ಪುಡಿಯನ್ನು ಪಾಲಕ್ ಮತ್ತು ಟೊಮೇಟೊ ಜೊತೆ ಬೇಯಿಸುತ್ತಿದ್ದಳು. ಬ್ಯಾಂಕಿನ ಕೆಲಸ, ಕ್ರಿಕೆಟ್ಟು ಎರಡು ಬಿಟ್ಟರೆ ಬೇರೆ ಯಾವುದಕ್ಕೂ ಬಾಯಿ ತೆರೆಯದ ನನ್ನ ಗಂಡ ಎರಡನೇ ಸಲ ಬಡಿಸಿಕೊಂಡು, "ಇದು ನಮ್ಮ ಕಡೇದೇ ಅಡುಗೆ ಅಲ್ವೇನೇ?" ಎಂದರು. ನನ್ನ ಮಗಳು ಅನನ್ಯಾಗೆ ಆಗ ಹತ್ತು ವರ್ಷ. ಅವಳಿಗೂ ಚಿಸೋಮೊಗೂ ಗಳಸ್ಯ ಕಂಠಸ್ಯ. "ಅಮ್ಮಾ, ದೀದೀನ ಇಲ್ಲೇ ಇಟ್ಕೊಳೋಣ ನಾ, ಪ್ಲೀಸ್. ಶಿ ಕ್ಯಾನ್ ಸ್ಲೀಪ್ ಇನ್ ಮೈ ರೂಮ್" ಎಂದು ಕಾಡುತ್ತಿದ್ದಳು. ಅವಳ ಕನ್ನಡ ಯಾವಾಗಲೂ ಅರ್ಧ ದಾರಿಯಲ್ಲಿ ರೈಲು ಬದಲಿಸುತ್ತಿತ್ತು. ಚಿಸೋಮೊ ಅವಳ ಕೂದಲಿಗೆ ಸಣ್ಣ ಸಣ್ಣ ಜಡೆ ಹೆಣೆದು ಕಳಿಸಿದರೆ ಶಾಲೆಯಲ್ಲಿ ಬಿಚ್ಚಿಸಿ ಕಳಿಸುತ್ತಿದ್ದರು. ಮರುವಾರ ಮತ್ತೆ ಹೆಣೆಯುತ್ತಿದ್ದಳು.

ಜೂನ್ ತಿಂಗಳ ಬಿಸಿಗಾಳಿ, ಇಲ್ಲಿಯವರ ಲೂ, ಬೀಸುತ್ತಿತ್ತು. ಬಾಗಿಲು ತೆರೆದರೆ ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ. ದಿನಕ್ಕೆ ನಾಲ್ಕಾರು ಸಲ ಕರೆಂಟು ಹೋಗುತ್ತಿತ್ತು. ಅಂಥ ದಿನವೊಂದರಲ್ಲಿ ನಮ್ಮ ಡೈರೆಕ್ಟರ್ ಭಾಟಿಯಾ ಎಲ್ಲರನ್ನೂ ಕರೆದು, ಪ್ರತಿಷ್ಠಾನದ ಮುಖ್ಯಸ್ಥರು ಬರುವ ವಾರ ದೆಹಲಿಗೆ ಬರುತ್ತಿದ್ದಾರೆ, ಚೆಕ್ ವಿತರಣಾ ಸಮಾರಂಭ ಆಗಲೇ ಮುಗಿಸಿಬಿಡೋಣ ಎಂದರು. ಸಂದರ್ಶನ ಇದ್ದದ್ದು ಜುಲೈ ಕೊನೆಯಲ್ಲಿ. ಗೆದ್ದವರು ಯಾರೆಂದು ದೇವರಿಗೂ ಗೊತ್ತಿಲ್ಲ, ಚೆಕ್ಕು ಯಾರಿಗೆ ಕೊಡುತ್ತೀರಿ ಎಂದು ಕೇಳಿದೆ.

"ಎಲ್ಲರಿಗೂ, ಮೇಡಂ ಜೀ" ಎಂದರು ಭಾಟಿಯಾ ಹಿಂದಿಯಲ್ಲಿ, ಮಗುವಿಗೆ ಹೇಳುವಂತೆ. "ಒಂದೇ ಚೆಕ್ಕು. ಒಬ್ಬೊಬ್ಬರೇ ಬಂದು ಸಾಹೇಬರ ಜೊತೆ ಹಿಡಿದು ಫೋಟೋ ತೆಗೆಸಿಕೊಳ್ಳಲಿ. ಆಮೇಲೆ ಯಾರು ಆಯ್ಕೆ ಆಗುತ್ತಾರೋ ಅವರ ಫೋಟೋ ವರದಿಗೆ ಹಾಕಿದರಾಯಿತು. ಸಾಹೇಬರು ಮತ್ತೆ ಬರುತ್ತಾರೆಯೇ?"

ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸುವವರ ಬಗ್ಗೆ ಕೇಳಿದ್ದೆ. ಹನ್ನೊಂದು ಕೂಸಿಗೆ ಒಂದೇ ಕುಲಾವಿ ತೊಡಿಸಿ ನೋಡುವವರನ್ನು ಅಲ್ಲಿಯೇ ಕಂಡದ್ದು. ಹೀಗೆ ಮಾಡಬೇಡಿ, ಅವರಿಗೆ ಆಸೆ ಹುಟ್ಟಿಸಿದಂತಾಗುತ್ತದೆ ಎಂದು ಇನ್ನೊಂದು ಸಲ ಹೇಳಿದೆ. ಭಾಟಿಯಾ ಗಡಿಯಾರ ನೋಡಿಕೊಂಡರು.

ಆಳೆತ್ತರದ ಥರ್ಮೋಕೋಲ್ ಹಲಗೆಯ ಮೇಲೆ ಚೆಕ್ಕು ಬರೆಸಿದ್ದರು. ಹೆಸರಿನ ಜಾಗದಲ್ಲಿ ಕಾಗದದ ಪಟ್ಟಿ. ಒಬ್ಬರದ್ದು ಮುಗಿದ ಕೂಡಲೇ ಅದನ್ನು ಕಿತ್ತು ಇನ್ನೊಬ್ಬರದ್ದು ಅಂಟಿಸುವುದು. ಈ ಕೆಲಸಕ್ಕೆ ನಿಂತವನು ಪ್ರಚಾರ ವಿಭಾಗದ ಶ್ರೀನಿಧಿ. ಮೈಸೂರಿನ ಹುಡುಗ, ದೆಹಲಿಯಲ್ಲಿ ಎಂ.ಎ. ಮುಗಿಸಿ ಸಿಕ್ಕ ಕೆಲಸಕ್ಕೆ ಸೇರಿದ್ದ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು. ಶಾಮಿಯಾನಾದ ಕೆಳಗೆ ಎಲ್ಲರೂ ಬೆವರಿನಲ್ಲಿ ನೆನೆದಿದ್ದೆವು. ಚಿಸೋಮೊಳ ಸರದಿ ಬಂದಾಗ ಅವಳು ಚೆಕ್ಕು ಮುಟ್ಟಲಿಲ್ಲ.

"ಇದು ನನಗೆ ಬಂದಿಲ್ಲವಲ್ಲ" ಎಂದಳು.

ಭಾಟಿಯಾ ಅವಳ ಕೈಹಿಡಿದು ಹಲಗೆಯ ಮೇಲಿಟ್ಟರು. ಅವಳು ಬಿಗಿದ ಮುಖದಲ್ಲಿ ನಿಂತಳು. ಫೋಟೋದವನು "ಸ್ಮೈಲ್, ಮೇಡಂ, ಸ್ಮೈಲ್" ಎಂದು ಗೋಗರೆಯುತ್ತಿದ್ದ. ಬೇಸಿಗೆ ರಜೆಯೆಂದು ನಾನು ಅನನ್ಯಾಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವಳು ಫೋಟೋದವನ ಹಿಂದೆ ನಿಂತು, ಎರಡೂ ಕಿವಿ ಹಿಡಿದೆಳೆದು, ನಾಲಗೆ ಹೊರಚಾಚಿ ಕೋತಿಯ ಮುಖ ಮಾಡಿದಳು. ಚಿಸೋಮೊ ಬಾಯಿತುಂಬ ನಕ್ಕುಬಿಟ್ಟಳು. ಅದೇ ಹೊತ್ತಿಗೆ ಕ್ಯಾಮೆರಾ ಮಿಂಚಿತು.

ಜುಲೈಯಲ್ಲಿ ಮಳೆ ಬಂತು. ದೆಹಲಿಯ ಮಳೆಗೆ ಹಿಂದೆ ಮುಂದೆ ಇಲ್ಲ. ಒಂದು ಗಂಟೆ ಸುರಿದು ಊರೆಲ್ಲ ಕೆರೆ ಮಾಡಿ, ಆಮೇಲೆ ಎರಡು ದಿನ ಬೇಯಿಸುತ್ತದೆ. ಸಂದರ್ಶನದ ದಿನ ಅಂಥ ಕೆರೆಯಲ್ಲೇ ವ್ಯಾನು ಕೆಟ್ಟು, ನಾನು ತಲುಪುವ ಹೊತ್ತಿಗೆ ಚಿಸೋಮೊ ಒಳಗಿದ್ದಳು. ನಾನೂ ಹೋಗಿ ಹಿಂದೆ ಕುಳಿತೆ. ಕಲಿಸಿದವರು ಕೂರಬಹುದು, ಮಾತಾಡುವ ಹಾಗಿಲ್ಲ. ಗೋಡೆಯ ಮೇಲೆ 'ದೊಡ್ಡದಾಗಿ ಯೋಚಿಸಿ' ಎಂಬ ಫಲಕ ನೇತಾಡುತ್ತಿತ್ತು. ಅನುದಾನ ಹಣದ ರೂಪದಲ್ಲಿ ಬರುವುದಿಲ್ಲ, ಯಂತ್ರದ ರೂಪದಲ್ಲಿ ಬರುತ್ತದೆ ಎಂಬ ಸಂಗತಿ ಆ ದಿನವೇ ಹೊರಬಿತ್ತು. ಯಂತ್ರ ಇಲ್ಲಿಯದೇ ಕಾರ್ಖಾನೆಯದು. ಓಡಬೇಕಾದರೆ ತ್ರೀ ಫೇಸ್ ಕರೆಂಟು ಬೇಕು.

"ನಮ್ಮ ಹಳ್ಳಿಯಲ್ಲಿ ಕರೆಂಟೇ ಇಲ್ಲ" ಎಂದಳು ಚಿಸೋಮೊ. "ಡೀಸೆಲ್‌ನಲ್ಲಿ ಓಡುವ ಸಣ್ಣ ಯಂತ್ರ ನಮ್ಮ ಪಟ್ಟಣದಲ್ಲೇ ಸಿಗುತ್ತದೆ. ಇದರ ಅರ್ಧ ಬೆಲೆಗೆ. ಕೆಟ್ಟರೆ ರಿಪೇರಿ ಮಾಡುವವನೂ ಅಲ್ಲೇ ಇದ್ದಾನೆ. ನಮಗೆ ಅದು ಸಾಕು."

"ಕರೆಂಟು ಮುಂದೆ ಬರಬಹುದಲ್ಲ?" ಎಂದರು ಭಾಟಿಯಾ.

"ಬರಬಹುದು. ಶೇಂಗಾ ಅಲ್ಲಿವರೆಗೆ ಕಾಯುವುದಿಲ್ಲ."

ನಾನು ಮೂರು ತಿಂಗಳಲ್ಲಿ ಕಲಿಸಿದ್ದರ ಒಟ್ಟು ಸಾರ ಆ ಎರಡು ಮಾತಿನಲ್ಲಿತ್ತು. ನನಗೆ ಎದ್ದು ಚಪ್ಪಾಳೆ ತಟ್ಟಬೇಕೆನಿಸಿತು. ಭಾಟಿಯಾ ಅವಳ ಹೆಸರಿನ ಮುಂದೆ 'ದೃಷ್ಟಿಕೋನ ಸಣ್ಣದು' ಎಂದು ಬರೆದುಕೊಂಡರು. ಅವಳ ನಂತರ ಬಂದ ಇಬ್ಬರು ನಮ್ಮಲ್ಲಿ ಬೇಕಾದಷ್ಟು ಕರೆಂಟಿದೆ ಎಂದು ಹೇಳಿ ಯಂತ್ರ ಗೆದ್ದರು. ಅವರನ್ನು ನಾನು ದೂರುವುದಿಲ್ಲ. ಪಾಪ, ಅವರವರ ಊರಲ್ಲೂ ಯಾರೋ ಕಾಯುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿ ಬೇರೆ ಅಂಗಡಿಯ ತೆಂಗಿನಕಾಯಿ ತಂದವರಿಗೆ ಮಂಗಳಾರತಿಯನ್ನೇ ಕೊಡಲಿಲ್ಲ.

ಫಲಿತಾಂಶ ಕೇಳಿ ಚಿಸೋಮೊ ಅಳಲಿಲ್ಲ. "ಇವತ್ತೇ ಚಿಕ್ಕಮ್ಮನಿಗೆ ಹೇಳ್ತೀನಿ. ವ್ಯಾಪಾರಿಯ ಕೊನೇ ಲಾರಿ ಇನ್ನೂ ಹೋಗಿಲ್ಲ. ಈಗಲೇ ಮಾರಿಬಿಡಲಿ" ಎಂದಳು. ಫೋನ್ ಮಾಡಲು ಎದ್ದಳು. ಅಷ್ಟರಲ್ಲಿ ಆಫೀಸಿನ ಫೋನೇ ಅವಳನ್ನು ಹುಡುಕಿಕೊಂಡು ಬಂತು. ಅವಳ ಚಿಕ್ಕಮ್ಮ. ಆ ಕಡೆಯಿಂದ ಹೆಂಗಸರು ಹಾಡುವುದು, ಕೇಕೆ ಹಾಕುವುದು ಮೇಜಿನ ಈಚೆ ನಿಂತ ನನಗೂ ಕೇಳಿಸುತ್ತಿತ್ತು. ಚಿಸೋಮೊ ತನ್ನ ಭಾಷೆಯಲ್ಲಿ ಏನೋ ಹೇಳಿದಳು, ಮತ್ತೆ ಹೇಳಿದಳು, ಕೊನೆಗೆ ಕೂಗಿ ಹೇಳಿದಳು. ಹಾಡು ನಿಲ್ಲಲಿಲ್ಲ. ಫೋನಿಟ್ಟು ನನ್ನ ಕಡೆ ತಿರುಗಿದಳು.

"ಪೇಪರಿನಲ್ಲಿ ನನ್ನ ಫೋಟೋ ಬಂದಿದೆಯಂತೆ. ಚೆಕ್ಕಿನ ಜೊತೆ."

ನಾನು ನೇರವಾಗಿ ಶ್ರೀನಿಧಿಯ ಕೋಣೆಗೆ ಹೋದೆ. ಅವನು ಟಿಫಿನ್ ಡಬ್ಬಿ ತೆರೆದು ಕೂತಿದ್ದ.

"ಆ ಫೋಟೋ ಯಾರು ಕಳಿಸಿದ್ದು?"

"ನಾನೇ ಮೇಡಂ. ಹನ್ನೊಂದು ಜನರದ್ದೂ ಅವರವರ ಊರಿನ ಪೇಪರ್‌ಗೆ ಹೋಗಿದೆ. ಒಂದೂ ಪೆಂಡಿಂಗ್ ಇಲ್ಲ" ಎಂದ ಹುಡುಗ, ಮೆಚ್ಚುಗೆ ನಿರೀಕ್ಷಿಸುವ ಮುಖದಲ್ಲಿ. "ಪ್ರೋಗ್ರಾಂ ಆದ ವಾರದಲ್ಲೇ ಪ್ರೆಸ್‌ಗೆ ಕಳಿಸಬೇಕು ಅಂತ ರೂಲ್ಸ್ ಇದೆ. ವಿಳಾಸ ಹುಡುಕೋದೇ ಕಷ್ಟ ಆಯ್ತು ಮೇಡಂ, ಒಂದೊಂದು ಊರಿಗೂ ಎಷ್ಟು ಫೋನ್ ಮಾಡಿದೀನಿ ಗೊತ್ತಾ?"

"ಅದರ ಕೆಳಗೆ ಏನು ಬರೆದೆ?"

"ಭಾರತದಲ್ಲಿ ಅನುದಾನ ಸ್ವೀಕರಿಸಿದ ಹೆಮ್ಮೆಯ ಯುವ ಉದ್ಯಮಿ ಅಂತ." ಆಮೇಲೆ ನನ್ನ ಮುಖ ನೋಡಿ ಅವನ ಕೈಯ ತುತ್ತು ಡಬ್ಬಿಗೆ ಬಿತ್ತು. "ಅಯ್ಯೋ ಮೇಡಂ. ಎಲ್ಲರಿಗೂ ಸಿಗಲ್ವಾ?"

ಬೈಯಲು ಹೋದವಳು ಹಾಗೆಯೇ ಹಿಂದಿರುಗಿ ಬಂದೆ. ಅವನಿಗೆ ಯಾರೂ ಹೇಳಿಯೇ ಇರಲಿಲ್ಲ.

ಅಲ್ಲಿ ಹಳ್ಳಿಯಲ್ಲಿ ಆದದ್ದನ್ನು ಚಿಸೋಮೊ ಮುಂದಿನ ದಿನಗಳಲ್ಲಿ ಒಂದೊಂದಾಗಿ ಹೇಳಿದಳು. ಪಟ್ಟಣಕ್ಕೆ ಹೋದ ಯಾರೋ ಪತ್ರಿಕೆ ತಂದಿದ್ದರು. ವ್ಯಾಪಾರಿಯ ಕೊನೆಯ ಲಾರಿ ಬಂದಾಗ ಹೆಂಗಸರು ಆ ಪತ್ರಿಕೆಯನ್ನೇ ಅವನ ಮುಖಕ್ಕೆ ಹಿಡಿದು, ನಮ್ಮ ಯಂತ್ರ ಬರುತ್ತಿದೆ, ನಿನ್ನ ದಾರಿ ನೀನು ನೋಡಿಕೋ ಎಂದು ವಾಪಸು ಕಳಿಸಿದ್ದರು. ಅವನು ಬೇರೆ ಹಳ್ಳಿಯಲ್ಲಿ ಲಾರಿ ತುಂಬಿಕೊಂಡು ಹೋದ. ತನಗೆ ಏನೂ ಸಿಕ್ಕಿಲ್ಲವೆಂದು ಚಿಸೋಮೊ ಫೋನಿನಲ್ಲಿ ಎಷ್ಟು ಹೇಳಿದರೂ ಮೊದಲು ಅವರು ನಂಬಲಿಲ್ಲ. ಕಳ್ಳರ ಭಯಕ್ಕೆ ಹುಡುಗಿ ಗುಟ್ಟು ಮಾಡುತ್ತಿದ್ದಾಳೆ, ಜಾಣೆ, ಎಂದು ನಕ್ಕರು. ಎರಡನೇ ವಾರ ನಗು ನಿಂತು, ಹಣ ಇವಳೇ ಇಟ್ಟುಕೊಂಡಳೆಂಬ ಗುಸುಗುಸು ಹುಟ್ಟಿತು. ಏನೂ ಸಿಗದವಳು ಇಷ್ಟು ದೊಡ್ಡದಾಗಿ ಯಾಕೆ ನಗುತ್ತಾಳೆ ಎಂದು ಚಿಕ್ಕಮ್ಮನೇ ಕೇಳಿದಳಂತೆ. ಈ ಮಾತನ್ನು ಅನನ್ಯಾಳ ಎದುರು ಹೇಳಬೇಡ ಎಂದು ನಾನು ಅವಳನ್ನು ಕೇಳಿಕೊಂಡೆ. "ನಾನೇಕೆ ಹೇಳಲಿ, ಮೇಡಂ? ಅವಳು ಮಾಡಿದ ಒಂದು ಕೋತಿಮುಖ ಬಿಟ್ಟರೆ ಆ ದಿನ ಅಲ್ಲಿ ಬೇರೆ ಏನು ನಿಜ ಇತ್ತು?" ಎಂದಳು.

ಅವಳು ಕೇಳಿದ್ದು ಒಂದೇ. ಅನುದಾನ ಇವಳಿಗೆ ಕೊಟ್ಟಿಲ್ಲ, ಫೋಟೋ ಬರೀ ಸಮಾರಂಭಕ್ಕೆ ತೆಗೆದದ್ದು ಎಂದು ಸಂಸ್ಥೆಯ ಕಾಗದದಲ್ಲಿ, ಮೊಹರು ಒತ್ತಿ, ಎರಡು ಸಾಲು. ಅದನ್ನು ಆ ಪತ್ರಿಕೆಗೂ ಕಳಿಸಿ, ಊರಿಗೂ ತೋರಿಸುತ್ತೇನೆ ಎಂದಳು. ನಾನೇ ಅವಳನ್ನು ಭಾಟಿಯಾ ಬಳಿ ಕರೆದುಕೊಂಡು ಹೋದೆ.

"ದೇಖಿಯೇ ಮೇಡಂ," ಎಂದರು ಅವರು, ಚಹಾ ತರಿಸುತ್ತ. "ಕೊಟ್ಟದ್ದಕ್ಕೆ ಪತ್ರ ಕೊಡಬಹುದು. ಕೊಡದೇ ಇದ್ದದ್ದಕ್ಕೆ ಹೇಗೆ ಕೊಡುವುದು? ನಾಳೆ ಪ್ರತಿಷ್ಠಾನದವರು, ಕೊಟ್ಟಿಲ್ಲದಿದ್ದರೆ ನಮ್ಮ ಸಾಹೇಬರು ಆ ಹುಡುಗಿಯ ಜೊತೆ ಹಿಡಿದದ್ದೇನು ಅಂತ ಕೇಳಿದರೆ?"

"ಅವಳ ಊರಿನವರು ಈಗ ಅದನ್ನೇ ಕೇಳ್ತಿದ್ದಾರೆ" ಎಂದೆ.

"ಅವಳು ಹೇಳಲಿ. ಅವರದೇ ಹುಡುಗಿ. ನಂಬುತ್ತಾರೆ."

ನನ್ನ ಬಾಯಿ ಆಗ ಸುಮ್ಮನಿರಲಿಲ್ಲ. ಹಿಂದಿ ಸಾಲದೆ ಚಳ್ಳಕೆರೆಯ ಕನ್ನಡದಲ್ಲೇ ನಾಲ್ಕು ಮಾತು ಹೇಳಿದೆ. ಅರ್ಥವಾಗದಿದ್ದರೂ ತಾತ್ಪರ್ಯ ಮುಟ್ಟಿತೆಂದು ಕಾಣುತ್ತದೆ, ಚಹಾ ಬರಲಿಲ್ಲ. ಚಿಸೋಮೊ ನನ್ನ ತೋಳು ಹಿಡಿದು ಹೊರಗೆ ಕರೆತಂದಳು. ಆ ಸಂಜೆ ನನ್ನದೇ ಹೆಸರಿನಲ್ಲಿ, ಬಿಳಿ ಹಾಳೆಯ ಮೇಲೆ ಎಲ್ಲವನ್ನೂ ಬರೆದು ಸಹಿ ಹಾಕಿ ಕೊಟ್ಟೆ. ಅವಳು ಓದಿ, ಮಡಿಸಿ, ಚೀಲದಲ್ಲಿಟ್ಟುಕೊಂಡು, "ಚೆನ್ನಾಗಿ ಬರೆದಿದ್ದೀರಿ, ಮೇಡಂ. ಆದರೆ ಮೊಹರಿಲ್ಲದ ಕಾಗದವನ್ನು ನಮ್ಮಲ್ಲೂ ನಂಬುವುದಿಲ್ಲ" ಎಂದಳು.

ಆಗಸ್ಟಿನಲ್ಲಿ ಅವರೆಲ್ಲ ಹೊರಟರು. ವಿಮಾನ ನಿಲ್ದಾಣಕ್ಕೆ ನಾನೂ ಅನನ್ಯಾಳೂ ಹೋಗಿದ್ದೆವು. ಚಿಸೋಮೊಗೆ ಪಟ್ಟಣದಲ್ಲೇ ಉಳಿದುಬಿಡು, ಹಳ್ಳಿಗೆ ಈಗಲೇ ಹೋಗಬೇಡ, ಸ್ವಲ್ಪ ತಣ್ಣಗಾಗಲಿ ಎಂದೆ. "ಹೋಗದಿದ್ದರೆ ಕದ್ದದ್ದು ನಿಜ ಅಂತಾಗುತ್ತೆ. ಅಮ್ಮ ಇದ್ದಾಳೆ. ಅಮ್ಮನಿಗೆ ನಾನು ಗೊತ್ತು" ಎಂದಳು. ಅನನ್ಯಾ ಅತ್ತಳು. ಚಿಸೋಮೊ ಅವಳ ಜಡೆಗಳನ್ನು ಒಮ್ಮೆ ಎಳೆದು, ಒಳಗೆ ಹೋದಳು.

ಮುಂದೆ ಆ ಸಂಸ್ಥೆಯ ವರದಿ ಬಂತು. ಹನ್ನೊಂದು ಫೋಟೋಗಳೂ ಅದರಲ್ಲಿದ್ದವು, ಯಾರಿಗೆ ಸಿಕ್ಕಿತು, ಯಾರಿಗೆ ಇಲ್ಲ ಎಂಬ ಸುದ್ದಿಯೇ ಇರಲಿಲ್ಲ. ದೀಪಾವಳಿಗೆ ನಾನು ಕೆಲಸ ಬಿಟ್ಟೆ. ನನ್ನ ಗಂಡ ಸಮಾಧಾನದ ಮಾತು ಹೇಳಿದರು, ಅಕ್ಕಪಕ್ಕದವರು ಶಭಾಷ್ ಎಂದರು. ಅದರಿಂದ ಚಿಸೋಮೊಗೆ ಮೂರು ಕಾಸಿನ ಉಪಯೋಗವಾಗಲಿಲ್ಲ. ಶ್ರೀನಿಧಿಯೂ ಮೈಸೂರಿಗೆ ಹಿಂದಿರುಗಿದನೆಂದು ಕೇಳಿದೆ. ಭಾಟಿಯಾ ಮರುವರ್ಷವೂ ತರಬೇತಿ ನಡೆಸಿದರು, ಬಹುಶಃ ಅದೇ ಹಲಗೆಯಿಟ್ಟುಕೊಂಡು.

ಡಿಸೆಂಬರಿನ ಮಂಜಿನ ಒಂದು ಬೆಳಿಗ್ಗೆ ಫೋನ್ ಬಂತು. ಆ ಕಡೆಯ ಮಾತು ಇಲ್ಲಿಗೆ ಬರುವುದು ತಡವಾಗುತ್ತಿತ್ತು, ಆದ್ದರಿಂದ ಇಬ್ಬರೂ ಒಟ್ಟಿಗೇ ಮಾತಾಡಿ, ಒಟ್ಟಿಗೇ ನಿಲ್ಲಿಸುತ್ತಿದ್ದೆವು. ಅನನ್ಯಾ ಹೇಗಿದ್ದಾಳೆ, ಶಾಲೆಯಲ್ಲಿ ಈಗಲೂ ಜಡೆ ಬಿಚ್ಚಿಸುತ್ತಾರಾ ಎಂದು ಕೇಳಿದಳು. ನೀನು ಹೇಗಿದ್ದೀ ಎಂದೆ. ಮಳೆ ಬಂತು, ಚೀಲಗಳಿಗೆ ಬೂಷ್ಟು ಹಿಡಿಯಿತು, ಗುಂಪು ಒಡೆಯಿತು ಎಂದಳು. ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಬಾವಿಯ ಹತ್ತಿರ ಇವಳು ಹೋದರೆ ಎಲ್ಲರೂ ಮಾತು ನಿಲ್ಲಿಸುತ್ತಾರೆ, ಅಷ್ಟೇ.

"ಅಮ್ಮ?" ಎಂದೆ.

"ಅಮ್ಮ ನನ್ನ ಪರವಾಗಿ ಎಲ್ಲರ ಹತ್ತಿರ ಜಗಳ ಆಡಿದಳು, ಮೇಡಂ. ಚಿಕ್ಕಮ್ಮನ ಹತ್ತಿರ ಮಾತು ಬಿಟ್ಟಳು. ಚರ್ಚಿನಲ್ಲಿ ಎದ್ದು ನಿಂತು, ನನ್ನ ಮಗಳು ಕಳ್ಳಿಯಲ್ಲ ಅಂದಳು." ಆಮೇಲೆ ದನಿ ತಗ್ಗಿಸಿದಳು. "ಮೊನ್ನೆ ನಾವಿಬ್ಬರೇ ಕೂತು ಕೆಟ್ಟ ಕಾಯಿ ಆರಿಸ್ತಾ ಇದ್ವಿ. ಅಮ್ಮ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದಳು. ಪಕ್ಕದಲ್ಲಿ ಕೂತು, ನನ್ನ ತಲೆ ಸವರಿ, ಮೆತ್ತಗೆ ಕೇಳಿದಳು: ನನಗೊಬ್ಬಳಿಗೆ ಹೇಳು ಮಗಳೇ, ಎಲ್ಲಿಟ್ಟಿದ್ದೀಯ?"